ತಾಯಿಯ ಹಾಲು, ಮನೆಯವರ ಒಳಲೆ
(ಬಾನುಲಿ ಭಾಷಣ)

ಕಾಯಬೇಕಾದುದೇ ಕೊಲ್ಲತೊಡಗಿದಾಗ ಮನುಷ್ಯನಿಗೆ ಒದಗುವ ನಿರುಪಾಯತೆಯನ್ನು ಹೇಳುವಾಗ ಬಸವಣ್ಣನವರು ಒಂದು ವಚನದಲ್ಲಿ ವಿಷವಾದ ತಾಯಿಹಾಲಿನ ಹೋಲಿಕೆಯನ್ನು ತರುತ್ತಾರೆ. ಆ ವಚನವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಲೋಕದಲ್ಲಿ ಆಗಲಾರದ ಸಂಗತಿಗೆ ಅದು ಕೊನೆಯ ನಿದರ್ಶನ ಎಂದು ವಿವರಿಸುತ್ತಿದ್ದೆ. ನಾನು ನಿವೃತ್ತನಾದ ಮೇಲೆ, ಅದೇ ಪಾಠವನ್ನು ಕೇಳಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ವಿವರಣೆಯನ್ನು ತಿದ್ದಿದಳು. ಆಕೆ ಈಗ ಹಾಸನದ ಕಡೆಯ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. “ಸಾರ್, ನೀವು ಅದನ್ನು ಹೋಲಿಕೆ ಎಂದಿರಿ. ನನ್ನ ಮುಂದೆ ಕುಳಿತ ತಾಯಂದಿರು ಅದನ್ನೇ ಪ್ರಶ್ನೆಯಾಗಿ ಕೇಳುತ್ತಾರೆ” ಎಂದಳು. ಯಾವ ತಾಯಿ, ಯಾವ ಊರು ಎಂಬುದನ್ನು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಗುಟ್ಟನ್ನು ಕಾಯುವುದು 2018ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರವೂ ಆಕೆಯ ಕರ್ತವ್ಯ.

ಆ ತಾಯಂದಿರ ಪ್ರಶ್ನೆ ಇಷ್ಟೆ: “ನನ್ನ ರಕ್ತದಲ್ಲಿ ಎಚ್‌ಐವಿ ಇದೆ. ಮಗುವಿಗೆ ಹಾಲು ಕೊಡಲೇ, ಬೇಡವೇ?”

ಈ ಸೋಂಕು ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ, ಇಲ್ಲವೇ ಎದೆಹಾಲಿನ ಮೂಲಕ ಹರಡಬಹುದು. ಮೂರನೆಯ ದಾರಿ ಬೆಳಕಿಗೆ ಬಂದುದು 1985ರಲ್ಲಿ, ಆಸ್ಟ್ರೇಲಿಯದ ಒಂದು ಪ್ರಕರಣದಿಂದ. ಅಲ್ಲಿಯ ತಾಯಿಗೆ ಹೆರಿಗೆಯಾದ ಮೇಲೆ ಕೊಟ್ಟ ರಕ್ತದಿಂದ ಸೋಂಕು ತಗುಲಿತ್ತು. ಆದ್ದರಿಂದ ಮಗುವಿಗೆ ಅದು ಹಾಲಿನಿಂದಲೇ ಬಂದಿರಬೇಕೆಂದು ವೈದ್ಯರು ತರ್ಕಿಸಿದರು. ಆಗ ಹೊಳೆದ ಪರಿಹಾರ ಸರಳವಾಗಿತ್ತು: ಮೊಲೆ ಬಿಡಿಸಿ ಡಬ್ಬಿಯ ಹಾಲು ಕೊಡುವುದು. ಶುದ್ಧ ನೀರು, ಹಣ, ಅನುಕೂಲಗಳಿದ್ದ ದೇಶಗಳಲ್ಲಿ ಅದು ನಡೆಯಿತು. ಉಳಿದೆಡೆ ಬಾಟಲಿಯೇ ಮೃತ್ಯುವಾಯಿತು. ಆಫ್ರಿಕದ ಬೋಟ್ಸ್ವಾನಾದಲ್ಲಿ ಸರ್ಕಾರವೇ ಡಬ್ಬಿಹಾಲನ್ನು ಉಚಿತವಾಗಿ ಹಂಚುತ್ತಿತ್ತು. 2006ರ ಆರಂಭದಲ್ಲಿ ಭಾರಿ ಮಳೆಯಿಂದ ನೀರು ಕೆಟ್ಟು, ಭೇದಿಗೆ ನೂರಾರು ಎಳೆಕೂಸುಗಳು ಬಲಿಯಾದವು. ಆಸ್ಪತ್ರೆ ಸೇರಿದ ಕೂಸುಗಳಲ್ಲಿ ಬಹುಪಾಲು ಎದೆಹಾಲಿಲ್ಲದವು.

ಈ ಇಕ್ಕಟ್ಟಿನಲ್ಲಿ ಹೊಸ ಬೆಳಕು ತಂದುದು ದಕ್ಷಿಣ ಆಫ್ರಿಕದ ಡರ್ಬನ್ ನಗರದ ಸಂಶೋಧನೆ. ಅನ್ನಾ ಕುಟ್ಸೂಡಿಸ್, ಹೂಸೆನ್ ಕೂವಾಡಿಯಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೇವಲ ಎದೆಹಾಲನ್ನೇ ಕುಡಿದ ಕೂಸುಗಳಿಗಿಂತ ಎದೆಹಾಲಿನ ಜೊತೆಗೆ ನೀರು, ಬೇರೆ ಹಾಲು, ಗಂಜಿಗಳನ್ನೂ ಉಂಡ ಕೂಸುಗಳಿಗೆ ಸೋಂಕು ಹೆಚ್ಚಾಗಿ ತಗುಲಿದ್ದುದು ಕಂಡಿತು. ಎಳೆಗರುಳಿನ ಒಳಪದರ ಬಹಳ ನಾಜೂಕಾದುದು. ಹೊರಗಿನ ಆಹಾರ ಅದನ್ನು ಕೆರಳಿಸುತ್ತದೆ. ಆಗ ವೈರಾಣುವಿಗೆ ಬಾಗಿಲು ತೆರೆದಂತಾಗುತ್ತದೆ ಎಂದು ವೈದ್ಯರು ಇದನ್ನು ವಿವರಿಸುತ್ತಾರೆ. ಅಂದಮೇಲೆ ಮೊದಲ ಆರು ತಿಂಗಳಲ್ಲಿ ಹೆಚ್ಚು ಅಂಜಬೇಕಾದುದು ಬೆರಕೆಗೆ.

ಈ ಮಾತನ್ನು ನಮ್ಮ ಅಡುಗೆಮನೆಗಳಿಗೆ ತಂದು ನೋಡೋಣ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಹಾಲಿಗೆ ಬರವಿಲ್ಲ; ಬೆಳಗೂ ಸಂಜೆಯೂ ಡೈರಿಗೆ ಹಾಲು ಹಾಕುವ ಮನೆಗಳು ಹಳ್ಳಿಹಳ್ಳಿಯಲ್ಲಿವೆ. ಕೂಸು ಹುಟ್ಟಿತೆಂದರೆ ಒಬ್ಬರು ಜೇನು ನೆಕ್ಕಿಸುತ್ತಾರೆ, ಇನ್ನೊಬ್ಬರು ಬಜೆ ತೇಯುತ್ತಾರೆ, ಮತ್ತೊಬ್ಬರು ಸಕ್ಕರೆ ನೀರು ಹಾಕುತ್ತಾರೆ. ಅತ್ತರೆ ಗ್ರೈಪ್ ವಾಟರ್. ಹಾಲು ಸಾಲದೆಂದು ತೋರಿದರೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುವುದು. ಇದೆಲ್ಲವೂ ಅಕ್ಕರೆಯೇ. ಆದರೆ ಸೋಂಕಿರುವ ಬಾಣಂತಿಗೆ ಈ ಅಕ್ಕರೆಯೇ ಕಂಟಕ. “ಬೇಡಿ ಅತ್ತೆ” ಎಂದರೆ “ಯಾಕಮ್ಮ?” ಎಂಬ ಪ್ರಶ್ನೆ ಬರುತ್ತದೆ. ಮೊಲೆ ಬಿಟ್ಟು ಡಬ್ಬಿಹಾಲನ್ನು ಹಿಡಿದರೆ ಅದೇ ಪ್ರಶ್ನೆಯನ್ನು ಇಡೀ ಕೇರಿ ಕೇಳುತ್ತದೆ. ಉತ್ತರ ಹೇಳಲಾರದ ಆಕೆ ಸುಮ್ಮನಾಗುತ್ತಾಳೆ. ಒಳಲೆ ಮಗುವಿನ ಬಾಯಿಗೆ ಬರುತ್ತದೆ.

ಸಂತೋಷದ ಸಂಗತಿಯೆಂದರೆ, ಇಂದು ಈ ನಂಜನ್ನು ಮಣಿಸುವ ಮದ್ದು ಇದೆ. ಚಿಕಿತ್ಸೆಯಿಲ್ಲದಿದ್ದರೆ ಮೂರು ದಾರಿಗಳೂ ಸೇರಿ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ತಗುಲಬಹುದು. ಚಿಕಿತ್ಸೆ ಕ್ರಮವಾಗಿ ನಡೆದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. 2014ರಿಂದ ನಮ್ಮ ದೇಶದಲ್ಲಿ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪರ್ಯಂತದ ಔಷಧವನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಕೂಸಿಗೂ ಕನಿಷ್ಠ ಆರು ವಾರ ಔಷಧವುಂಟು. ಆರನೆಯ ವಾರದಲ್ಲಿ ಅದರ ಮೊದಲ ರಕ್ತಪರೀಕ್ಷೆ. ಕೊನೆಯ ತೀರ್ಮಾನ ಹದಿನೆಂಟು ತಿಂಗಳಿಗೆ. ತಾಯಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ, ಮೊದಲ ಆರು ತಿಂಗಳು ತನ್ನ ಹಾಲನ್ನು ಮಾತ್ರ ಕೊಡಬೇಕೆಂಬುದೇ ವೈದ್ಯರ ಮೊದಲ ಸಲಹೆ. ಅವರು ಬರೆದ ಔಷಧದ ಹನಿಗಳಿಗೆ ಅಡ್ಡಿಯಿಲ್ಲ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಯೂ ಬರಲಿ, ಎದೆಹಾಲೂ ಮುಂದುವರಿಯಲಿ. ಹಾಲೂಡಿಸಲಾಗದ ತಾಯಿ, ಶುದ್ಧ ನೀರಿಗೂ ತಿಂಗಳ ಖರ್ಚಿಗೂ ದಾರಿಯಿದ್ದರೆ, ವೈದ್ಯರನ್ನು ಕೇಳಿ ಡಬ್ಬಿಹಾಲನ್ನು ಆರಿಸಿಕೊಳ್ಳಬಹುದು. ಆಗ ಅದೊಂದೇ, ಮೊಲೆಹಾಲು ಸಲ್ಲದು. ಆಯ್ಕೆ ಆಕೆಯದು. ಇನ್ನು, ಎದೆಹಾಲು ಕುಡಿಯುವ ಕೂಸಿಗೆ ಯಾರೋ ಏನನ್ನೋ ನೆಕ್ಕಿಸಿಬಿಟ್ಟರೆಂದು ತಾಯಿ ಎದೆಗುಂದಿ ಹಾಲು ಬಿಡಿಸಬೇಕಾಗಿಲ್ಲ. ಔಷಧ ನಡೆಯುತ್ತಿರುವಾಗ ಅದು ಹಾಲು ನಿಲ್ಲಿಸಲು ಕಾರಣವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಸೋಂಕಿಲ್ಲದ ಮನೆಯವರಾದ ನಮಗೆ ಇದರಲ್ಲಿ ಏನು ಕೆಲಸ? ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡವೆಂಬುದು ಸೋಂಕಿರುವ ತಾಯಿಗೆ ಮಾತ್ರ ಹೇಳಿದ ಮಾತಲ್ಲ. ವೈದ್ಯರು ಎಲ್ಲ ಕೂಸುಗಳಿಗೂ ಹೇಳುವುದು ಇದನ್ನೇ. ಎಲ್ಲ ಮನೆಗಳಲ್ಲಿಯೂ ಅದೇ ವಾಡಿಕೆಯಾದರೆ, ಜೇನು ಬೇಡವೆಂದ ಬಾಣಂತಿಯನ್ನು ಯಾರೂ “ಯಾಕಮ್ಮ?” ಎಂದು ಕೇಳುವುದಿಲ್ಲ. ಆಕೆಯ ಗುಟ್ಟು ಆಕೆಯಲ್ಲಿಯೇ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ನನ್ನ ವಿದ್ಯಾರ್ಥಿನಿ ಹೊರಡುವಾಗ, “ನಿನ್ನ ಮುಂದೆ ಕುಳಿತ ತಾಯಿಗೆ ಏನು ಹೇಳುತ್ತೀ?” ಎಂದು ಕೇಳಿದೆ. “ಹಾಲು ಕೊಡಮ್ಮ, ಗುಳಿಗೆ ಮರೆಯಬೇಡ ಎನ್ನುತ್ತೇನೆ. ನಿಮ್ಮ ಅತ್ತೆಗೆ ನಾನೇನು ಹೇಳಲಿ ಎಂದು ಅವರು ತಿರುಗಿ ಕೇಳುತ್ತಾರೆ ಸಾರ್” ಎಂದಳು. ಈ ಭಾಷಣ ಆ ಅತ್ತೆಯಂದಿರಿಗಾಗಿ. ಮನೆಗೆ ಕೂಸು ಬಂದಾಗ ಒಳಲೆಯನ್ನು ತೊಳೆದು, ಆರು ತಿಂಗಳು ಅಟ್ಟದ ಮೇಲಿಡಿ.