ನಿಮಗಿದು ಗೊತ್ತೇ? ಬಿಲ್ ಕೊಡದ ಆಸ್ಪತ್ರೆಯ ಕಥೆ

● ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಶುರುವಾದದ್ದು 1948ರ ಜುಲೈ 5ರಂದು. ಖರ್ಚಿನ ಬಹುಪಾಲು ತೆರಿಗೆ ಹಣದ್ದೇ.

● ಅದಕ್ಕೂ ಮೊದಲು? 1911ರ ವಿಮಾ ಕಾಯ್ದೆ ದುಡಿಯುವವನಿಗೆ ಡಾಕ್ಟರನ್ನು ಒದಗಿಸಿತ್ತು. ಅವನ ಹೆಂಡತಿ ಮಕ್ಕಳಿಗೆ ಕಾಯಿಲೆಯಾದರೆ ಜೇಬಿಗೇ ಕೈ ಹಾಕಬೇಕಿತ್ತು.

● ಹೊಸ ವ್ಯವಸ್ಥೆಗೆ ದಾರಿ ತೋರಿದ್ದು 1942ರ ಬೆವರಿಜ್ ವರದಿ. ಅದನ್ನು ಬರೆದ ವಿಲಿಯಂ ಬೆವರಿಜ್ ಹುಟ್ಟಿದ್ದು ನಮ್ಮ ಉಪಖಂಡದಲ್ಲೇ: ಅಂದಿನ ಬಂಗಾಳದ, ಇಂದಿನ ಬಾಂಗ್ಲಾದೇಶದ ರಂಗಪುರದಲ್ಲಿ! ಸರ್ಕಾರಿ ವರದಿಯಾದರೂ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು.

● ಎನ್‌ಎಚ್‌ಎಸ್ ಕಾಯ್ದೆ ತಂದ ಆರೋಗ್ಯ ಸಚಿವ ಅನೈರಿನ್ ಬೆವನ್, 13ನೇ ವಯಸ್ಸಿಗೇ ಶಾಲೆ ಬಿಟ್ಟು ಕಲ್ಲಿದ್ದಲ ಗಣಿಗೆ ಇಳಿದವರು. ವೇಲ್ಸ್‌ನಲ್ಲಿದ್ದ ಅವರ ಊರು ಟ್ರೆಡೆಗರ್‌ನಲ್ಲಿ ಕಾರ್ಮಿಕರು ಕೂಲಿಯಲ್ಲಿ ಒಂದಿಷ್ಟು ಕೂಡಿಸಿ ಇಡೀ ಊರಿಗೆ ವೈದ್ಯಕೀಯ ಸೇವೆ ನಡೆಸುತ್ತಿದ್ದರು. ಆ ಊರಿನ ಲೆಕ್ಕವನ್ನೇ ಬೆವನ್ ದೇಶಕ್ಕೆ ಹಿಗ್ಗಿಸಿದರು.

● ದೊಡ್ಡ ವಿರೋಧ ಬಂದದ್ದು ಡಾಕ್ಟರುಗಳಿಂದಲೇ! 1948ರ ಫೆಬ್ರವರಿಯಲ್ಲಿ ಅವರ ಸಂಘ ನಡೆಸಿದ ಮತದಾನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮತ ‘ಬೇಡ’ ಎಂದವು. ತಜ್ಞರಿಗೆ ಖಾಸಗಿ ಪ್ರಾಕ್ಟೀಸ್ ಉಳಿಸಿಕೊಟ್ಟು, ಕುಟುಂಬ ವೈದ್ಯರನ್ನು ಸಂಬಳದ ನೌಕರರನ್ನಾಗಿಸುವುದಿಲ್ಲವೆಂದು ಮಾತು ಕೊಟ್ಟು ಬೆವನ್ ಒಲಿಸಿಕೊಂಡರು.

● ಜುಲೈ 5ರ ನಡುರಾತ್ರಿ ಕಳೆದು ಒಂದೇ ನಿಮಿಷ. ವೇಲ್ಸ್‌ನ ಅಮನ್ ವ್ಯಾಲಿ ಆಸ್ಪತ್ರೆಯಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಎನ್‌ಎಚ್‌ಎಸ್‌ನ ಮೊದಲ ಕೂಸು ಎಂದು ಹೆಸರಾದ ಅದಕ್ಕೆ ಬೆವನ್ ನೆನಪಿಗೆ ಇಟ್ಟ ಹೆಸರು ಅನೈರಾ.

● ಬಾಗಿಲು ತೆರೆದಾಗ ಮುಗಿಬಿದ್ದ ಬೇಡಿಕೆ ಯಾವುದಕ್ಕೆ? ಕನ್ನಡಕಕ್ಕೆ, ಹಲ್ಲಿಗೆ! ಮೊದಲ ವರ್ಷವೇ 50 ಲಕ್ಷಕ್ಕೂ ಹೆಚ್ಚು ಕನ್ನಡಕ ಕೊಡಬೇಕಾಯಿತು. ಜನ ಅಷ್ಟು ಕಾಲ ಮಂಜುಗಣ್ಣಿನಲ್ಲೇ ದಿನ ದೂಡಿದ್ದರು.

● 1951ರಲ್ಲಿ ಕೊರಿಯಾ ಯುದ್ಧಕಾಲದ ಶಸ್ತ್ರಾಸ್ತ್ರ ವೆಚ್ಚಕ್ಕೆ ಹಣ ಹೊಂದಿಸುವಾಗ ಸರ್ಕಾರ ಕನ್ನಡಕಕ್ಕೂ ಕಟ್ಟುಹಲ್ಲಿಗೂ ಶುಲ್ಕ ಹಾಕಹೊರಟಿತು. ಬೆವನ್ ಮಂತ್ರಿಗಿರಿಗೇ ರಾಜೀನಾಮೆ ಕೊಟ್ಟರು.

● ಮರುವರ್ಷ ಔಷಧಿ ಚೀಟಿಗೂ ಒಂದು ಶಿಲಿಂಗ್ ಶುಲ್ಕ ಬಂತು. ಇಂಗ್ಲೆಂಡಿನಲ್ಲಿ ಈ ಶುಲ್ಕ ಇಂದಿಗೂ ಇದೆ. 2007ರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಕಿತ್ತೊಗೆದ ನಾಡು ಯಾವುದು ಬಲ್ಲಿರಾ? ಬೆವನ್‌ರ ತವರು ವೇಲ್ಸ್!