ಜಾಯ್ಸನ ಕಿವಿ

1904ರ ಮೇ ತಿಂಗಳು. ಡಬ್ಲಿನ್ನಿನ ‘ಫೆಶ್ ಕ್ಯೋಲ್’ ಸಂಗೀತ ಸ್ಪರ್ಧೆಯಲ್ಲಿ ಇಪ್ಪತ್ತೆರಡರ ತರುಣನೊಬ್ಬ ಚೆನ್ನಾಗಿಯೇ ಹಾಡಿದ. ಆಮೇಲೆ, ಹಿಂದೆಂದೂ ಕಾಣದ ಸ್ವರಲಿಪಿಯೊಂದನ್ನು ಕೈಗಿತ್ತು ‘ನೋಡಿಕೊಂಡು ಹಾಡು’ ಎಂದಾಗ ಒಲ್ಲೆನೆಂದು ವೇದಿಕೆ ಇಳಿದುಬಿಟ್ಟ. ಕೊನೆಗೆ ದಕ್ಕಿದ್ದು ಕಂಚಿನ ಪದಕ. ಆತ ಜೇಮ್ಸ್ ಜಾಯ್ಸ್.

ಹಾಡುಗಾರನಾಗಬೇಕಿದ್ದವನು ಗದ್ಯದಲ್ಲಿ ಹಾಡಿದ ಎನ್ನುವುದು ಸಲೀಸಾದ ಮಾತು. ಅದು ಎಷ್ಟು ನಿಜ ಎಂದು ತಿಳಿಯಲು ‘ಯೂಲಿಸಿಸ್’ (1922) ಕಾದಂಬರಿಯ ‘ಸೈರನ್ಸ್’ ಅಧ್ಯಾಯ ತೆರೆಯಬೇಕು. ಹೋಟೆಲೊಂದರ ಬಾರಿನಲ್ಲಿ ನಡೆಯುವ ಈ ಅಧ್ಯಾಯ ತಲೆಬುಡವಿಲ್ಲದಂತೆ ಕಾಣುವ ತುಂಡು ಸಾಲುಗಳಿಂದ ಶುರುವಾಗುತ್ತದೆ. ಮುಂದೆ ಬರಲಿರುವ ಸದ್ದು, ಮಾತುಗಳನ್ನು ಜಾಯ್ಸ್ ಕಛೇರಿಗೆ ಮುನ್ನ ತಂತಿ ಮೀಟಿ ನೋಡುವಂತೆ ಮೀಟಿಬಿಡುತ್ತಾನೆ. ಒಂದೇ ಎಳೆ ಹಲವು ಧ್ವನಿಗಳಲ್ಲಿ ಒಂದರ ಬೆನ್ನಿಗೊಂದು ಏಳುವ ‘ಫ್ಯೂಗ್’ ರಚನೆ ಇದಕ್ಕೆ ಮಾದರಿಯೆಂದು ಅವನೇ ಹೇಳಿಕೊಂಡಿದ್ದ. ಓದುಗರು ತಡವರಿಸಿದ್ದು ಅಲ್ಲಿಯೇ. ಸಂಗೀತಗಾರರು ಕಿವಿ ನಿಮಿರಿಸಿದ್ದೂ ಅಲ್ಲಿಯೇ.

1958ರಲ್ಲಿ ಆ ಆರಂಭದ ಪುಟಗಳು ಮಿಲಾನ್ ರೇಡಿಯೊದ ಧ್ವನಿ ಸ್ಟುಡಿಯೊ ಸೇರಿದವು. ಸಂಗೀತ ಸಂಯೋಜಕ ಲುಚಾನೊ ಬೆರಿಯೊಗೆ ಜೊತೆಯಾಗಿದ್ದವನು, ಮುಂದೆ ಕಾದಂಬರಿಕಾರನಾಗಿ ಹೆಸರಾದ ಉಂಬರ್ಟೊ ಎಕೊ. ಬೆರಿಯೊನ ಪತ್ನಿ, ಗಾಯಕಿ ಕ್ಯಾಥಿ ಬರ್ಬೇರಿಯನ್ ಓದಿದಳು. ಬೆರಿಯೊ ಆ ಟೇಪನ್ನು ಕತ್ತರಿಸಿದ, ಅಂಟಿಸಿದ, ವೇಗ ಬದಲಿಸಿದ, ಒಂದರ ಮೇಲೊಂದು ಹೇರಿದ. ಪದ ಒಡೆದು ಅಕ್ಷರವಾಯಿತು, ಅಕ್ಷರ ಬರೀ ಉಸಿರಾಯಿತು. ‘ತೇಮಾ’ ಎಂಬ ಈ ಕೃತಿಯಲ್ಲಿ ವಾದ್ಯ ಒಂದೂ ಇಲ್ಲ. ಇರುವುದೆಲ್ಲ ಒಬ್ಬ ಹೆಣ್ಣಿನ ದನಿ.

ಅಮೆರಿಕದ ಜಾನ್ ಕೇಜ್ ಇನ್ನೊಂದು ದಾರಿ ಹಿಡಿದ. ಜಾಯ್ಸನ ಕೊನೆಯ ಕಾದಂಬರಿ ‘ಫಿನ್ನೆಗನ್ಸ್ ವೇಕ್’ನಲ್ಲಿ ಬರುವ ಊರು, ಸದ್ದುಗಳನ್ನೆಲ್ಲ ಪಟ್ಟಿಮಾಡಿ ಧ್ವನಿಮುದ್ರಣಗಳನ್ನು ಕಲೆಹಾಕಿದ. ಐರಿಷ್ ಜನಪದ ಗಾಯನ, ಪಿಟೀಲು, ತನ್ನದೇ ಓದು ಎಲ್ಲವನ್ನೂ ಬೆರೆಸಿ 1979ರಲ್ಲಿ ಕಟ್ಟಿದ್ದೇ ‘ರೋರಟೋರಿಯೊ’. ಕೇಳಿದರೆ ಜಾತ್ರೆಯ ನಡುವೆ ನಿಂತಂತೆ. ನಾಲ್ಕು ವರ್ಷದ ಬಳಿಕ ಮರ್ಸ್ ಕನ್ನಿಂಗ್‌ಹ್ಯಾಮ್ ಅದಕ್ಕೆ ನೃತ್ಯ ಹೆಣೆದ.

ಪಾಪ್ ಸಂಗೀತದ ಕತೆ ಮಾತ್ರ ವಕೀಲರ ಕೈಗೆ ಸಿಕ್ಕಿತು. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ‘ಯೂಲಿಸಿಸ್’ನ ಕೊನೆಯಲ್ಲಿ ಬರುವ, ಮಾಲಿ ಎಂಬ ಪಾತ್ರದ ಸ್ವಗತವನ್ನು ಹಾಡಲು ಬಯಸಿದಳು, ಜಾಯ್ಸನ ವಾರಸುದಾರರು ಒಪ್ಪಲಿಲ್ಲ. ತನ್ನದೇ ಮಾತು ಬರೆದುಕೊಂಡು 1989ರಲ್ಲಿ ‘ದ ಸೆನ್ಶುಯಲ್ ವರ್ಲ್ಡ್’ ಹಾಡಿದಳು. ವರ್ಷಗಳ ಬಳಿಕ ಮತ್ತೆ ಕೇಳಿದಾಗ ಅನುಮತಿ ಸಿಕ್ಕಿತು. ಅದೇ ಹಾಡು 2011ರಲ್ಲಿ ಜಾಯ್ಸನ ಮಾತುಗಳೊಡನೆ, ಹೊಸ ಹೆಸರಿನಲ್ಲಿ ಹೊರಬಂತು. ಯುರೋಪಿನಲ್ಲಿ ಆ ಕಾದಂಬರಿಯ ಹಕ್ಕುಸ್ವಾಮ್ಯ ಮುಗಿಯಲು ಆಗ ಒಂದು ವರ್ಷವೂ ಉಳಿದಿರಲಿಲ್ಲ.