ರೊಡ್ರಿಗಸ್ ಎಂಬ ಹೆಸರಿನ ಬೇರು



ನಂಜನಗೂಡು, ತಿ. ನರಸೀಪುರ ಕಡೆಯ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ರಾಯಪ್ಪ, ಚಿನ್ನಪ್ಪ, ಚೌರಪ್ಪ ಮುಂತಾದ ಹೆಸರುಗಳು ಕಿವಿಗೆ ಪರಿಚಿತ. ಮನೆತನದ ಹೆಸರು ಅಪರೂಪ. ಹೀಗಿರುವಾಗ ಒಂದು ಭಾನುವಾರ ಬಲಿಪೂಜೆಯಲ್ಲಿ ನಾವು ಮದುವೆಯ ಪ್ರಕಟಣೆ ಓದಿದೆವು. ಹುಡುಗಿ ಇಲ್ಲಿಯವಳು, ಹುಡುಗ ಮಂಗಳೂರು ಮೂಲದ ರೊಡ್ರಿಗಸ್ ಮನೆಯವನು. ಪೂಜೆ ಮುಗಿದದ್ದೇ ತಡ, ಹುಡುಗಿಯ ತಾತ ನಮ್ಮ ಬಳಿ ಬಂದರು. "ಸ್ವಾಮಿಯೋರೆ, ಇವರು ಪರಂಗಿಯೋರಾ? ಹೆಣ್ಣು ಕೊಡಬೋದಾ?"

ಪ್ರಶ್ನೆಯಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಅಂಜಿಕೆಯಿತ್ತು. ಕೂರಿಸಿಕೊಂಡು ಹೇಳಿದೆವು.

ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ. ನಾವು ತಂದೆಯ ಹೆಸರಿನ ಮೊದಲ ಅಕ್ಷರವನ್ನು ನಮ್ಮ ಹೆಸರಿನ ಹಿಂದೆ ಇಡುತ್ತೇವೆ, ಅವರು ತಂದೆಯ ಹೆಸರನ್ನು ಮುಂದೆ ಇಟ್ಟರು, ಅಷ್ಟೇ. ರೊಡ್ರಿಗೊ ಹಳೆಯ ಜರ್ಮಾನಿಕ್ ಭಾಷೆಯ ಎರಡು ಮಾತು ಸೇರಿ ಆದದ್ದು: ಒಂದಕ್ಕೆ ಕೀರ್ತಿ, ಇನ್ನೊಂದಕ್ಕೆ ಅಧಿಕಾರ ಎಂದರ್ಥ. ವಿಸಿಗೋತರೆಂಬ ಜರ್ಮಾನಿಕ್ ಜನ ಸ್ಪೇನ್, ಪೋರ್ಚುಗಲ್ಲುಗಳನ್ನು ಆಳಿದಾಗ ಇಂಥ ಹೆಸರುಗಳು ಅಲ್ಲಿ ಬೇರೂರಿದವು. ಅವರ ರಾಜ ರೊಡ್ರಿಗೊ 711ರಲ್ಲಿ ಯುದ್ಧದಲ್ಲಿ ಸೋತ. ರಾಜ್ಯ ಹೋಯಿತು, ಹೆಸರು ಉಳಿಯಿತು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಜ್ಞಾನತಂದೆಯ ಅಥವಾ ಗುರುಗಳ ಮನೆತನದ ಹೆಸರು ಸಿಗುತ್ತಿತ್ತು. ಹೆಸರು ಹಡಗಿನಲ್ಲಿ ಬಂತು, ಅದನ್ನು ಹೊತ್ತವರು ಕೊಂಕಣದ ಮಣ್ಣಿನವರೇ. ಮುಂದೆ ಅವರಲ್ಲಿ ಅನೇಕರು ಕೆನರಾ ಕರಾವಳಿಗೆ ವಲಸೆ ಬಂದರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರಲ್ಲಿ ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಈ ಹೆಸರುಗಳೂ ಘಟ್ಟ ಹತ್ತಿದವು. ನಮ್ಮ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುವ ಕಾವೇರಿಯ ನೀರನ್ನೇ 1799ರವರೆಗೆ ಆ ಜನ ಸೆರೆಯಲ್ಲಿ ಕುಡಿದದ್ದು.

ಹಾಗಾದರೆ ನಮಗೇಕೆ ಇಂಥ ಹೆಸರಿಲ್ಲ? 17ನೇ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆಗೆ ಬಂದ ಲಿಯೊನಾರ್ದೊ ಚಿನ್ನಮಿ ಮೊದಲಾದ ಯೇಸುಸಭೆಯ ಗುರುಗಳು ಪರಂಗಿಗಳೆನಿಸಿಕೊಳ್ಳಲು ಒಪ್ಪದೆ ಸಂನ್ಯಾಸಿಗಳಂತೆ ಬಾಳಿದರು. ಇಲ್ಲಿ ಸಂತರ ಹೆಸರುಗಳೇ ನಮ್ಮ ನುಡಿಯ ಉಡುಪು ತೊಟ್ಟವು. ಸಂತ ಪೇತ್ರರು ರಾಯಪ್ಪರಾದರು. ಪೌಲ ಎಂದರೆ ಲತೀನಿನಲ್ಲಿ ಚಿಕ್ಕವನು. ಅದೇ ತಮಿಳಿನ ದಾರಿಯಿಂದ ಚಿನ್ನಪ್ಪ ಆಯಿತು.

ಇನ್ನು ತಾತ ಆಡಿದ 'ಪರಂಗಿ' ಮಾತು! ಫ್ರಾಂಕರೆಂಬ ಇನ್ನೊಂದು ಜರ್ಮಾನಿಕ್ ಜನರ ಹೆಸರು ಅರಬ್ಬಿ, ಪಾರಸಿಗಳಲ್ಲಿ ಹಾದು ನಮ್ಮಲ್ಲಿ ಪರಂಗಿಯಾಯಿತು. ಅವರ ಹಿತ್ತಲಿನ ಪರಂಗಿ ಹಣ್ಣಿನಲ್ಲೂ ಅದೇ ಇದೆ.

"ನಮ್ಮ ಚಿನ್ನಪ್ಪಂದಿರೇನು ರೋಮಿನವರೆ?" ಎಂದು ಕೇಳಿದೆವು. ತಾತ ನಕ್ಕು ಟವೆಲ್ ಕೊಡವಿ ಎದ್ದರು. ಮುಂದಿನ ಭಾನುವಾರ ಎರಡನೆಯ ಪ್ರಕಟಣೆ ಓದಿದಾಗ ಮುಂದಿನ ಸಾಲಿನಲ್ಲೇ ಕುಳಿತಿದ್ದರು.